ಹಸೆ ಗೋಡೆ ಗೆರೆ ಊಟದ ತಟ್ಟೆಗೆ: ಸೆರಾಮಿಕ್, ಸ್ಟೀಲ್ ಮೇಲೆ ಚಿತ್ತಾರ ಬರೆಯೋ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆ ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ಈಗ ಮಗ್ಗು, ಟ್ರೇ, ಪ್ಲೇಟು ಅಂತ ಎಲ್ಲಾದ್ರ ಮೇಲೂ ಕಾಣ್ಸತ್ತೆ. ಆದ್ರೆ ಬಹಳ ಕಡೆ ಆಗ್ತಿರೋದು ಇಷ್ಟೇ, ಗೋಡೆದೊಂದು ಫೋಟೋ ತೆಗೀತಾರೆ, ಕಂಪ್ಯೂಟರಲ್ಲಿ ಟ್ರೇಸ್ ಮಾಡ್ತಾರೆ, ಪ್ರಿಂಟ್ ತೆಗೆದು ಅಂಟಿಸ್ತಾರೆ. ದೂರದಿಂದ ಚಂದ ಕಾಣತ್ತೆ, ಹತ್ರ ಹಿಡಿದ್ರೆ ಗೆರೆಲಿ ಜೀವ ಇರಲ್ಲ, ಯಾಕಂದ್ರೆ ಗೋಡೆ ಮೇಲಿನ ಆ ಗೆರೆ ಹಾಗೆ ಬಂದಿದ್ದು ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಹದದಿಂದ, ಕೆಮ್ಮಣ್ಣು ಬಳಿದ ಗೋಡೆ ನೀರು ಹೀರೋ ರೀತಿಯಿಂದ. ಈ ಮೂರೂ ಬಿಟ್ಟು ಬರೀ ಚಿತ್ರ ತಗೊಂಡ್ರೆ ಕೈಗೆ ಸಿಗೋದು ಡಿಸೈನು ಮಾತ್ರ. ನಂಗೆ ಮುಖ್ಯ ಅನ್ಸೋದು ಆ ಕೈಕೆಲಸನ ಹೊಸ ಸಾಮಾನಿಗೆ ಸಾಗ್ಸೋದು, ಅದಕ್ಕೆ ಇದನ್ನ ಬರೀತಿದೀನಿ. ಇದ್ರಲ್ಲಿ ಎರಡು ಕೆಲಸ ಪೂರ್ತಿ ಹೇಳ್ತೀನಿ, ಒಂದು ಗ್ಲೇಜ್ (ಸುಟ್ಟಾಗ ಗಾಜಿನ ಥರ ಆಗೋ ಲೇಪ) ಹಾಕಿದ ಕೆಂಪು ಮಣ್ಣಿನ ಊಟದ ತಟ್ಟೆ, ಇನ್ನೊಂದು ಸ್ಟೀಲ್ ತಟ್ಟೆ. ಭಟ್ಟಿ ಸಿಗದೇ ಇರೋರಿಗೆ ಸಣ್ಣದೊಂದು ದಾರಿನೂ ಇದೆ.

ಮೊದಲು ಗೋಡೆ ನೋಡಿ, ಬುಟ್ಟಿನೂ ನೋಡಿ

ಶುರು ಮಾಡೋಕೆ ಮುಂಚೆ ನಿಜವಾದ ಚಿತ್ತಾರ ಒಂದನ್ನಾದ್ರೂ ಹತ್ರದಿಂದ ನೋಡ್ಬೇಕು, ಆದ್ರೆ ಬರೀತಿರೋವಾಗ್ಲೇ ನೋಡ್ಬೇಕು. ಫೋಟೋದಲ್ಲಿ ಕಾಣದೇ ಇರೋದು ಸುಮಾರಿದೆ. ಬಣ್ಣ ನಾಲ್ಕೇ: ಕೆಂಪು ಅಂದ್ರೆ ಕೆಮ್ಮಣ್ಣು, ಬಿಳಿ ಅಂದ್ರೆ ನೆನೆಸಿ ಅರೆದ ಅಕ್ಕಿ, ಕಪ್ಪು ಅಂದ್ರೆ ಕರಿ ಆಗೋವಷ್ಟು ಹುರಿದ ಅಕ್ಕಿ, ಹಳದಿ ಅಂದ್ರೆ ಗುರಿಗೆ ಬೀಜ. ಕುಂಚ ಪುಂಡಿ ನಾರಿಂದು. ಗೆರೆಗಳು ಬಹುಪಾಲು ನೇರ, ಅಡ್ಡ, ಓರೆ, ಎಳೆ ಎಣಿಸಿ ಎಣಿಸಿ ಪಕ್ಕಪಕ್ಕ ಇಟ್ಟಿರ್ತಾರೆ. ಏಣಿ, ಕವಡೆ, ಭತ್ತದ ತೆನೆ, ಜೋಗಿ ಜಡೆ ಎಲ್ಲಾ ಈ ಎಳೆಗಳಿಂದ್ಲೇ ಹುಟ್ಟೋದು. ಗೆರೆ ಎಲ್ಲಿ ಶುರುವಾಗತ್ತೆ, ಬಣ್ಣ ಮುಗಿದಾಗ ಕೈ ಎಲ್ಲಿ ಎತ್ತುತ್ತೆ, ಮತ್ತೆ ಅದ್ದಿ ಹೇಗೆ ಅದೇ ಗೆರೆನ ಮುಂದುವರೆಸ್ತಾರೆ ಅನ್ನೋದನ್ನ ಕಣ್ಣಿಟ್ಟು ನೋಡಿ, ತಟ್ಟೆ ಮೇಲೆ ಕೆಲಸಕ್ಕೆ ಬರೋದು ಅದೇ.

ಗೋಡೆ ಚಪ್ಪಟೆ, ಚೌಕ. ತಟ್ಟೆ ದುಂಡಗೆ. ನೇರ ಗೆರೆನ ದುಂಡಗಿನ ಜಾಗದಲ್ಲಿ ಹೇಗೆ ಕೂರ್ಸೋದು ಅಂತ ತಲೆ ಕೆಡಿಸ್ಕೊಳ್ಳೋ ಬದಲು ಭೂಮಿ ಹುಣ್ಣಿಮೆ ಬುಟ್ಟಿ ನೋಡಿ. ಭೂಮಣ್ಣಿ ಬುಟ್ಟಿ ಅಂತ ಕರೆಯೋ ಆ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಮೇಲೆ ಬಿಳಿ ಚಿತ್ತಾರ ಬರೀತಾರೆ, ಅದ್ರಲ್ಲಿ ಅಡುಗೆ ತುಂಬ್ಕೊಂಡು ಗದ್ದೆಗೆ ಹೋಗಿ ಬಸುರಿ ಭೂಮಿತಾಯಿಗೆ ಬಡಿಸ್ತಾರೆ. ಅನ್ನ ಹೊರೋ ಸಾಮಾನಿನ ಮೇಲೆ, ಅದೂ ದುಂಡಗಿನ ಮೈ ಮೇಲೆ ಚಿತ್ತಾರ ಮೊದಲಿಂದ್ಲೂ ಇದೆ ಅಂತಾಯ್ತು. ಬುಟ್ಟಿ ಸುತ್ತ ಪಟ್ಟಿ ಪಟ್ಟಿಯಾಗಿ ಜಾಗ ಭಾಗ ಮಾಡಿ ಒಂದೊಂದು ಪಟ್ಟಿಲಿ ಒಂದೊಂದು ಎಳೆ ಕಟ್ಟಿರ್ತಾರಲ್ಲ, ನಮ್ಮ ತಟ್ಟೆ ಅಂಚಿಗೆ ನೇರವಾಗಿ ತಗೋಬಹುದಾದ ಪಾಠ ಅದು.

ಯಾವ ಬಣ್ಣ ಬೆಂಕಿಲಿ ಉಳಿಯತ್ತೆ

ಇದು ತಿಳೀದೇ ಮುಂದೆ ಹೋಗೋದು ಬೇಡ. ಭಟ್ಟಿಲಿ 1000 ಡಿಗ್ರಿ ಸೆಲ್ಸಿಯಸ್ ದಾಟತ್ತೆ, ಅಲ್ಲಿ ಗಿಡದಿಂದ ಬಂದಿದ್ದು ಯಾವುದೂ ಉಳಿಯಲ್ಲ. ಅಕ್ಕಿ ಹಿಟ್ಟು ಸುಟ್ಟು ಹೋಗತ್ತೆ, ಗುರಿಗೆ ಹಳದಿನೂ ಹೋಗತ್ತೆ, ಹುರಿದ ಅಕ್ಕಿ ಕಪ್ಪು ಅಂದ್ರೆ ಇದ್ದಿಲೇ ಆದ್ರಿಂದ ಗಾಳಿ ಆಡೋ ಭಟ್ಟಿಲಿ ಅದೂ ಉರಿದು ಹೋಗತ್ತೆ. ಉಳಿಯೋದು ಕೆಮ್ಮಣ್ಣು ಒಂದೇ, ಯಾಕಂದ್ರೆ ಅದ್ರ ಕೆಂಪು ಕಬ್ಬಿಣದ ಆಕ್ಸೈಡಿಂದು. ಅದಕ್ಕೂ ಮಿತಿ ಇದೆ, 1000ದಿಂದ 1060ರ ಒಳಗೆ ಸುಟ್ರೆ ಇಟ್ಟಿಗೆ ಕೆಂಪು ಇರತ್ತೆ, 1100 ದಾಟಿಸ್ತಾ ಹೋದ್ರೆ ಕಂದಾಗತ್ತೆ, ಸ್ಟೋನ್‌ವೇರ್ ಅನ್ನೋ ಗಟ್ಟಿ ಸೆರಾಮಿಕ್ ಸುಡೋ 1200ರ ಮೇಲೆ ಗಾಢ ಕಂದು. ಹಾಗಾಗಿ ನನ್ನ ಸಲಹೆ ಸ್ಪಷ್ಟ: ಹಸೆ ಗೋಡೆ ಕೆಂಪು ಬೇಕು ಅಂದ್ರೆ ಬಿಳಿ ತಟ್ಟೆಗೆ ಕೆಂಪು ಬಣ್ಣ ಬಳಿಯೋಕೆ ಹೋಗ್ಬೇಡಿ, ತಟ್ಟೆನೇ ಕೆಂಪು ಮಣ್ಣಲ್ಲಿ ಮಾಡಿ, ಕಮ್ಮಿ ಶಾಖದಲ್ಲಿ ಸುಡಿ. ಗೋಡೆಲೂ ಕೆಂಪು ಅನ್ನೋದು ಹಿನ್ನೆಲೆ ತಾನೇ, ಮೇಲೆ ಹಚ್ಚಿದ ಅಲಂಕಾರ ಅಲ್ಲ. ಇನ್ನೊಂದು ಕಾರಣ, ಅಂಗಡಿಲಿ ಸಿಗೋ ಝಗ್ ಅನ್ನೋ ಕೆಂಪು ಸೆರಾಮಿಕ್ ಬಣ್ಣಗಳಲ್ಲಿ ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇರೋದು ಜಾಸ್ತಿ.

ಬಿಳಿಗೆ ಅಕ್ಕಿ ಬದಲು ಬಿಳಿ ಮಣ್ಣು. ಹವ್ಯಕರ ಮನೆಗಳಲ್ಲಿ ಕೆಂಪು ಗೋಡೆ ಮೇಲೆ ಬರೆಯೋ ಶೇಡಿ ಇದೆಯಲ್ಲ, ಅದು ಮಣ್ಣೇ ಆಗಿರೋದ್ರಿಂದ ಬೆಂಕಿಲಿ ಸುಟ್ಟು ಹೋಗಲ್ಲ, ಆದ್ರೆ ಅದ್ರಲ್ಲಿ ಕಬ್ಬಿಣದ ಅಂಶ ಇದ್ರೆ ಕೆನೆ ಬಣ್ಣಕ್ಕೆ ತಿರುಗತ್ತೆ, ಆದ್ರಿಂದ ಮಣ್ಣಿನ ಒಂದು ಸಣ್ಣ ಬಿಲ್ಲೆ ಮೇಲೆ ಹಚ್ಚಿ ಸುಟ್ಟು ನೋಡಿ. ನಂಗಂತೂ ಆ ಕೆನೆ ಬಣ್ಣ ಕೆಂಪಿನ ಮೇಲೆ ಪಕ್ಕಾ ಬಿಳಿಗಿಂತ ಚಂದ ಅನ್ಸತ್ತೆ. ಅಂಗಡಿ ಸಾಮಾನಲ್ಲಿ ಮಾಡೋದಾದ್ರೆ ಚೈನಾ ಕ್ಲೇ, ಬಾಲ್ ಕ್ಲೇ, ಕ್ವಾರ್ಟ್ಜ್ ಪುಡಿ, ಸೀಸ ಇಲ್ಲದ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ನಾಲ್ಕೂ ಸಮ ಪಾಲು ತೂಕ ಹಾಕಿ ಶುರು ಮಾಡಿ, ನಿಮ್ಮ ಮಣ್ಣಿಗೆ ಅದು ಕೂತ್ಕೊಳ್ಳತ್ತಾ ಅಂತ ಬಿಲ್ಲೆ ಮೇಲೆ ನೋಡಿ, ಸಿಪ್ಪೆ ಏಳ್ತಿದ್ರೆ ಬಾಲ್ ಕ್ಲೇ ಸ್ವಲ್ಪ ಹೆಚ್ಚಿಸಿ. ಕಪ್ಪು, ಹಳದಿ ಬೇಕಿದ್ರೆ ರೆಡಿ ಸೆರಾಮಿಕ್ ಸ್ಟೇನ್ (ಭಟ್ಟಿ ಶಾಖ ತಡೆಯೋ ಬಣ್ಣದ ಪುಡಿ) ತಗೊಂಡು ಇದೇ ಬಿಳಿ ಮಿಶ್ರಣಕ್ಕೆ ಸೇರ್ಸಿ. ಹಳದಿಗೆ ಪ್ರೆಸಿಯೋಡೈಮಿಯಂ-ಜಿರ್ಕಾನ್ ಸ್ಟೇನ್ ಕೇಳಿ, ಸೀಸ, ಕ್ಯಾಡ್ಮಿಯಂ ಎರಡೂ ಬೇಡ ಅಂತ ಬಾಯಿಬಿಟ್ಟು ಹೇಳಿ. ಒಣ ಪುಡಿ ಕಲ್ಸೋವಾಗ ಮಾಸ್ಕ್ ಹಾಕ್ಲೇಬೇಕು, ಕ್ವಾರ್ಟ್ಜ್ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಟೇಬಲ್ ಒರ್ಸೋದು ಕೂಡ ಒದ್ದೆ ಬಟ್ಟೆಲೇ, ಪೊರಕೆ ಬೇಡ.

ಅಕ್ಕಿನ ಪೂರ್ತಿ ಬಿಡ್ಬೇಕಾ ಅಂದ್ರೆ ಇಲ್ಲ, ಅದಕ್ಕೊಂದು ಕೆಲಸ ಉಳಿದಿದೆ. ಬರೀ ಮಣ್ಣು ನೀರು ಕಲೆಸಿದ್ರೆ ಕುಂಚದಲ್ಲಿ ಸಲೀಸಾಗಿ ಓಡಲ್ಲ, ಒಣಗಿದ ಮೇಲೆ ಕೈ ತಾಗಿದ್ರೆ ಪುಡಿ ಉದುರತ್ತೆ. ಸ್ಟುಡಿಯೋದಲ್ಲಿ ಇದಕ್ಕೆ ಸಿಎಂಸಿ ಅಂತ ಗೋಂದು ಹಾಕ್ತಾರೆ. ಅದ್ರ ಬದಲು ತೆಳುವಾದ ಅನ್ನದ ಗಂಜಿ ಸೋಸಿ, ಒಂದು ಬಟ್ಟಲು ಬಿಳಿ ಮಣ್ಣಿನ ಮಿಶ್ರಣಕ್ಕೆ ಒಂದೆರಡು ಚಮಚ ಹಾಕಿದ್ರೆ ಅಂಟೂ ಬರತ್ತೆ, ಓಟನೂ ಬರತ್ತೆ, ಭಟ್ಟಿಲಿ ಸದ್ದಿಲ್ಲದೇ ಸುಟ್ಟು ಹೋಗತ್ತೆ. ಅವತ್ತಿಂದು ಅವತ್ತೇ ಖಾಲಿ ಮಾಡಿ, ಮಾರನೇ ದಿನಕ್ಕೆ ಹುಳಿ ಬಂದು ವಾಸನೆ ಹೊಡಿಯತ್ತೆ.

ಕುಂಚ ಕಟ್ಟೋದು

ಪುಂಡಿ ನಾರು ಸಿಗದೇ ಇದ್ರೆ ಸೆಣಬಿನ ಹುರಿ ಬಿಚ್ಚಿದ್ರೂ ನಡಿಯತ್ತೆ. ನಾರನ್ನ ನೀರಲ್ಲಿ ನೆನೆಸಿ, ಮೆತ್ತಗೆ ಜಜ್ಜಿ, ಹಳೇ ಬಾಚಣಿಗೆಲಿ ಬಾಚಿ ಗಂಟು ತೆಗೀರಿ. ಕಿರುಬೆರಳುದ್ದ ಎಳೆಗಳನ್ನ ಒಟ್ಟು ಮಾಡಿ ಒಂದು ತುದಿಗೆ ದಾರ ಬಿಗಿಯಾಗಿ ಸುತ್ತಿ, ಬಿದಿರ ಕಡ್ಡಿಗೆ ಕಟ್ಟಿ. ಬೇರೆ ಬೇರೆ ದಪ್ಪದ್ದು ಮೂರು ಮಾಡ್ಕೊಳ್ಳಿ. ಅಂಗಡಿ ಕುಂಚ ಯಾಕೆ ಬೇಡ ಅಂದ್ರೆ ಅದ್ರ ಕೂದಲು ಗಿಡ್ಡ, ಎರಡು ಇಂಚು ಎಳೆಯೋದ್ರಲ್ಲಿ ಬಣ್ಣ ಮುಗಿಯತ್ತೆ. ಉದ್ದ ನಾರು ಹೊಟ್ಟೆ ತುಂಬ ಬಣ್ಣ ಹಿಡ್ಕೊಂಡು ನಿಧಾನಕ್ಕೆ ಬಿಡತ್ತೆ, ಉದ್ದದ ನೇರ ಗೆರೆ ಒಂದೇ ಉಸಿರಲ್ಲಿ ಬರೋದು ಅದ್ರಿಂದ. ಕುಂಚ ಪೂರ್ತಿ ಮಲಗಿಸಿ, ತುದಿ ಅಲ್ಲ ಪಕ್ಕ ತಾಗ್ಸಿ, ಬೆರಳಿಂದ ಅಲ್ಲ ಮೊಣಕೈಯಿಂದ ಎಳೀರಿ. ಇದಕ್ಕೆ ಅಭ್ಯಾಸ ಬೇಕೇ ಬೇಕು, ಹಳೇ ಕೆಂಪು ಹೆಂಚು ಸಿಕ್ರೆ ಅದ್ರ ಮೇಲೆ ಬರೆದು ತೊಳೆದು ಮತ್ತೆ ಬರೀರಿ, ನೀರು ಹೀರೋದ್ರಲ್ಲಿ ಹೆಂಚು ಹೆಚ್ಚುಕಮ್ಮಿ ಗೋಡೆ ಥರನೇ ವರ್ತಿಸತ್ತೆ.

ತಟ್ಟೆ ಮಾಡೋದು

ತಟ್ಟೆ ಆಕಾರ ಯೋಚ್ನೆ ಮಾಡೋವಾಗ ನಮ್ಮ ಊಟ ನೆನಪಿರ್ಲಿ. ಹೋಟೆಲ್ ಪ್ಲೇಟ್ ಥರ ಅಗಲ ಅಂಚು ಪುಟ್ಟ ಹೊಟ್ಟೆ ಇಟ್ರೆ ಅನ್ನ ಸಾರು ಕಲ್ಸೋಕೆ ಜಾಗ ಸಾಲಲ್ಲ, ತಂಬುಳಿ ಹಾಕ್ಕೊಂಡ್ರೆ ಹೊರಗೆ ಹರಿಯತ್ತೆ. ಒಳಗಿನ ಸಮತಟ್ಟು ಜಾಗ ಕಮ್ಮಿ ಅಂದ್ರೂ 18 ಸೆಂಟಿಮೀಟರ್, ಒಟ್ಟು ಅಡ್ಡಳತೆ 25ರ ಹತ್ರ, ಅಂಚು 2.5 ಸೆಂಟಿಮೀಟರ್ ಎತ್ತರಕ್ಕೆ ಓರೆಯಾಗಿ ಏಳ್ಬೇಕು. ಆ ಓರೆ ಅಂಚೇ ನಿಮ್ಮ ಬುಟ್ಟಿ, ಚಿತ್ತಾರಕ್ಕೆ ಜಾಗ ಅದು. ನಡುವೆ ಬರೀಬೇಡಿ ಅಂತ ಅಲ್ಲ, ಆದ್ರೆ ದಿನಾ ಕೈ ಆಡೋ ಜಾಗ, ಉಜ್ಜೋ ಜಾಗ, ಮತ್ತೆ ಊಟ ಬಡಿಸಿದ್ಮೇಲೆ ಕಾಣೋದೂ ಇಲ್ಲ.

ಮಣ್ಣು ಕುಂಬಾರರ ಹತ್ರನೇ ಕೇಳಿ, ಕೆರೆ ಮಣ್ಣು ಒಳ್ಳೇದೇ, ಆದ್ರೆ ನೀರಲ್ಲಿ ಕರಗಿಸಿ ಜರಡಿ ಹಿಡಿಯೋದು ತಪ್ಪಿಸ್ಬೇಡಿ. ಒಂದು ಸುಣ್ಣದ ಹರಳು ಉಳಿದ್ರೂ ಸಾಕು, ಸುಟ್ಟ ಮೇಲೆ ತೇವ ಹೀರಿ ಉಬ್ಬಿ ಗ್ಲೇಜ್ ಸಮೇತ ಚಕ್ಕೆ ಎಬ್ಬಿಸತ್ತೆ, ಮಲೆನಾಡಿನ ಗಾಳಿಲಿ ತೇವಕ್ಕೇನು ಬರ ಇಲ್ವಲ್ಲ. ಮಣ್ಣು ಎಷ್ಟು ಕುಗ್ಗತ್ತೆ ಅಂತ ಮೊದಲೇ ತಿಳ್ಕೊಳ್ಳಿ: ಹಸಿ ಮಣ್ಣಿನ ಪಟ್ಟಿ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಗೀಚಿ ಸುಡಿ, ಅದು 9.2 ಆದ್ರೆ ಶೇಕಡಾ 8 ಕುಗ್ಗತ್ತೆ ಅಂತ, ಆಗ 25ರ ತಟ್ಟೆಗೆ ಹಸಿದು 27.2 ಇರ್ಬೇಕು.

ತಿಗರಿ ಮೇಲೆ ಮಾಡೋದು ಬಂದ್ರೆ ಸರಿ, ಬರ್ದೇ ಇದ್ರೆ ಲಟ್ಟಣಿಗೆ ಸಾಕು. ಎರಡು ಕಡೆ 7 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು ನಡುವೆ ಮಣ್ಣು ಲಟ್ಟಿಸಿ, ತಿರುಗ್ಸಿ ತಿರುಗ್ಸಿ ಎರಡೂ ಮೈ ಒತ್ತಿ, ಒಂದೇ ಕಡೆ ಒತ್ತಿದ್ರೆ ಒಣಗೋವಾಗ ಡೊಂಕಾಗತ್ತೆ. ಮನೆಲಿರೋ ಸ್ಟೀಲ್ ತಟ್ಟೆ ಒಳಗೆ ತೆಳು ಹತ್ತಿ ಬಟ್ಟೆ ಹಾಸಿ ಅದ್ರ ಮೇಲೆ ಮಣ್ಣಿನ ಹಾಳೆ ಕೂರ್ಸಿ, ಒದ್ದೆ ಸ್ಪಂಜಲ್ಲಿ ನಡುವಿಂದ ಅಂಚಿಗೆ ಒತ್ತಿ, ಹೆಚ್ಚಿದ್ದು ಕತ್ತರಿಸಿ. ಮಣ್ಣಿನ ಹಾಳೆನ ಎತ್ತೋವಾಗ ಬಗ್ಗಿಸ್ಬಾರ್ದು, ಬಟ್ಟೆ ಸಮೇತ ಎತ್ತಿ, ಯಾಕಂದ್ರೆ ಒಮ್ಮೆ ಬಗ್ಗಿದ ಕಡೆ ಸರಿ ಮಾಡಿ ಕೂರ್ಸಿದ್ರೂ ಭಟ್ಟಿಲಿ ಮತ್ತೆ ಅದೇ ಕಡೆ ಬಗ್ಗೋಕೆ ನೋಡತ್ತೆ.

ಮಳೆಗಾಲದಲ್ಲಿ ಈ ಕೆಲಸ ಇಟ್ಕೊಳ್ಳೋರು ಒಣಗ್ಸೋ ವಿಷಯದಲ್ಲಿ ತಾಳ್ಮೆ ಇಟ್ಕೋಬೇಕು. ಜುಲೈ ತಿಂಗಳಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಬಟ್ಟೆನೇ ಒಣಗಲ್ಲ, ಮಣ್ಣು ಎಲ್ಲಿ ಒಣಗತ್ತೆ. ಬಚ್ಚಲೊಲೆ ಹತ್ರನೋ ಅಡಿಗೆ ಮನೆ ಅಟ್ಟದ ಮೇಲೋ ಇಡ್ತಾರೆ, ಅಲ್ಲಿ ಒಂದೇ ಕಡೆಯಿಂದ ಶಾಖ ಬಂದ್ರೆ ಬಿರುಕು ಬಿಡತ್ತೆ, ಹಾಗಾಗಿ ಮೇಲೆ ನ್ಯೂಸ್ ಪೇಪರ್ ಮುಚ್ಚಿ, ದಿನಾ ತಿರುಗ್ಸಿಡಿ, ಅಂಚು ಬೇಗ ಒಣಗೋದ್ರಿಂದ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಪೂರ್ತಿ ಒಣಗಿದೆಯಾ ಅಂತ ನೋಡೋಕೆ ಕೆನ್ನೆಗೆ ತಾಗ್ಸಿ ನೋಡಿ, ತಣ್ಣಗೆ ಅನ್ಸಿದ್ರೆ ಇನ್ನೂ ನೀರಿದೆ.

ಬರೆಯೋದು

ಬರೆಯೋ ಹೊತ್ತು ಇದಕ್ಕಿಂತ ಮುಂಚೆನೇ ಬರತ್ತೆ, ಪೂರ್ತಿ ಒಣಗಿದ ಮೇಲಲ್ಲ. ಉಗುರು ಒತ್ತಿದ್ರೆ ಗುರುತು ಬೀಳ್ಬೇಕು, ತಟ್ಟೆ ಎತ್ತಿದ್ರೆ ಬಗ್ಗಬಾರ್ದು, ಆ ಅರೆ ಒಣಗಿದ ಹದದಲ್ಲಿ ಬರೀಬೇಕು. ಆಗ ತಟ್ಟೆ, ಗೆರೆ ಎರಡೂ ಒಟ್ಟಿಗೆ ಕುಗ್ತವೆ, ಕಚ್ಕೊಂಡು ಕೂರ್ತವೆ. ಒಣಗಿದ ಮೇಲೋ, ಒಮ್ಮೆ ಸುಟ್ಟ ಮೇಲೋ ಇದೇ ಬಿಳಿ ಮಣ್ಣು ಹಚ್ಚಿದ್ರೆ ಗೆರೆ ಮಾತ್ರ ಕುಗ್ಗಿ ಸಿಪ್ಪೆ ಎದ್ದು ಬರತ್ತೆ. ಸುಟ್ಟ ತಟ್ಟೆ ಮೇಲೇ ಬರೀಬೇಕು ಅನ್ನೋರು ರೆಡಿ ಅಂಡರ್‌ಗ್ಲೇಜ್ (ಗ್ಲೇಜಿನ ಅಡಿಗೆ ಹಚ್ಚೋ ಬಣ್ಣ) ತಗೊಳ್ಳಿ, ಅದು ಕಮ್ಮಿ ಕುಗ್ಗೋ ಹಾಗೆ ಮಾಡಿರ್ತಾರೆ, ಬರೆಯೋಕೆ ಮುಂಚೆ ಒದ್ದೆ ಸ್ಪಂಜಲ್ಲಿ ಧೂಳು ಒರೆಸಿ.

ಬಿಳಿ ಮಿಶ್ರಣನ 80 ಮೆಶ್ (ಇಂಚಿಗೆ 80 ಕಣ್ಣಿರೋ) ಜರಡಿಲಿ ಸೋಸಿ, ಹದ ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಜಾಗ ಭಾಗ ಮಾಡೋಕೆ ಸ್ಕೇಲು ಕೋನಮಾಪಕ ಏನೂ ಬೇಡ, ತಟ್ಟೆ ಅಳತೆಗೆ ಪೇಪರ್ ದುಂಡಗೆ ಕತ್ತರಿಸಿ ನಾಲ್ಕು ಸಲ ಮಡಿಸಿ, ಬಿಚ್ಚಿದ್ರೆ 16 ಭಾಗ. ತಟ್ಟೆ ಮೇಲಿಟ್ಟು ಅಂಚಲ್ಲಿ ಪೆನ್ಸಿಲ್ ಗುರುತು ಹಾಕಿ, ಪೆನ್ಸಿಲ್ ಗುರುತು ಭಟ್ಟಿಲಿ ಸುಟ್ಟು ಹೋಗತ್ತೆ. ನಡುವಿನ ಸಮತಟ್ಟಲ್ಲಿ ಹಸೆ ಥರ ಚೌಕ ಬೇಕು ಅಂದ್ರೆ ಅಡ್ಡಳತೆನ 0.7ರಿಂದ ಗುಣಿಸಿ, 18 ಸೆಂಟಿಮೀಟರ್ ಸಮತಟ್ಟಿಗೆ 12.6ರ ಚೌಕ ಮೂಲೆಗೆ ಮೂಲೆ ಸರಿಯಾಗಿ ಕೂರತ್ತೆ, ಕಣ್ಣಿಗೆ ಉಸಿರಾಡೋಕೆ ಜಾಗ ಬೇಕು ಅಂದ್ರೆ 11 ಇಟ್ಕೊಳ್ಳಿ.

ಅಂಚಲ್ಲಿ ಮೊದಲು ಹೊರಗಿನ ಸುತ್ತು, ಆಮೇಲೆ ಒಳಗಿನ ಸುತ್ತು. ಸುತ್ತಿನ ಗೆರೆಗೆ ತಟ್ಟೆನ ತಿರುಗೋ ಹಲಗೆ ಮೇಲಿಟ್ಟು, ಕುಂಚ ಒಂದೇ ಕಡೆ ಹಿಡಿದು ಹಲಗೆ ತಿರುಗ್ಸಿ, ಕೈ ಓಡಾಡಬಾರ್ದು. ಆಮೇಲೆ 16 ಗುರುತಿನ ಹತ್ರ ಅಡ್ಡ ಎಳೆಗಳು, ಪ್ರತಿ ಕಡೆ ಮೂರೋ ಐದೋ, ಅಲ್ಲಿಗೆ ಏಣಿ ಆಯ್ತು. ನಡುವಿನ ಖಾಲಿ ಜಾಗಕ್ಕೆ ಓರೆ ಎಳೆ ಹಾಕಿದ್ರೆ ತೆನೆ. ಇಲ್ಲೊಂದು ತೊಡಕು ಬರತ್ತೆ, ತಟ್ಟೆ ಅಂಚಲ್ಲಿ ಹೊರಗಿನ ಸುತ್ತು ಉದ್ದ, ಒಳಗಿಂದು ಗಿಡ್ಡ, ಆದ್ರಿಂದ ಗೋಡೆ ಮೇಲೆ ಸಮಾನಾಂತರ ಇರೋ ಎಳೆಗಳು ಇಲ್ಲಿ ಒಳಗೆ ಹೋಗ್ತಾ ಒತ್ತೊತ್ತಾಗಿ ಸೇರ್ತವೆ. ಕಂಪ್ಯೂಟರಲ್ಲಿ ಮಾಡೋರು ಇಡೀ ಡಿಸೈನ್ ಬಗ್ಗಿಸಿಬಿಡ್ತಾರೆ, ಅಲ್ಲಿಗೆ ಚಿತ್ತಾರದ ಗಡಸು ಹೋಯ್ತು. ನೀವು ಎಳೆಗಳನ್ನ ಗುಂಪು ಗುಂಪಾಗಿ ಇಟ್ಟು, ಪ್ರತಿ ಗುಂಪಿನ ಒಳಗೆ ಸಮಾನಾಂತರ ಉಳಿಸಿ, ಗುಂಪುಗಳ ನಡುವೆ ಸಣ್ಣ ತ್ರಿಕೋನದ ಖಾಲಿ ಜಾಗ ಬಿಡಿ. ಆ ತ್ರಿಕೋನದಲ್ಲಿ ಮಣ್ಣಿನ ಕೆಂಪು ಕಾಣ್ಬೇಕು, ಅದನ್ನ ತುಂಬೋ ಆಸೆ ಬೇಡ.

ತಪ್ಪಾದ ಗೆರೆ ಒರೆಸೋಕೆ ಹೋದ್ರೆ ಬಿಳಿ ಹರಡಿ ಸುತ್ತಲಿನ ಕೆಂಪು ಮಾಸತ್ತೆ, ಸ್ವಲ್ಪ ಒಣಗಲಿ ಅಂತ ಬಿಟ್ಟು ಚೂಪು ಬಿದಿರ ಕಡ್ಡಿಲಿ ಕೆರೆದು ತೆಗೀರಿ. ಗೆರೆ ಉಬ್ಬಿ ನಿಂತಿದ್ರೆ ಕೈಗೆ ತಡೆಯತ್ತೆ, ಕೈಯಲ್ಲಿ ಊಟ ಮಾಡೋರಿಗೆ ಅದು ಕಿರಿಕಿರಿ, ಗೆರೆ ಪೂರ್ತಿ ಒಣಗೋಕೆ ಮುಂಚೆ ಚಮಚದ ಬೆನ್ನಲ್ಲಿ ಮೆಲ್ಲಗೆ ಒತ್ತಿ ಮಟ್ಟ ಮಾಡಿ.

ಸುಡೋದು, ಗ್ಲೇಜ್ ಹಾಕೋದು

ಭಟ್ಟಿ ನಿಮ್ಮದೇ ಆಗಿರ್ಬೇಕಿಲ್ಲ, ಬೆಂಗಳೂರಿನ ಕೆಲವು ಪಾಟರಿ ಸ್ಟುಡಿಯೋಗಳು ಬೇರೆಯವರ ಕೆಲಸನೂ ಸುಟ್ಟು ಕೊಡ್ತವೆ. ಮಣ್ಣಿನ ಕೆಲಸ ಗಟ್ಟಿಯಾಗಿ ಕಲೀಬೇಕು ಅನ್ನೋರಿಗೆ ಬೆಳಗಾವಿ ಜಿಲ್ಲೆ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆಗೆ ಅಂತಲೇ ಕೇಂದ್ರದ ಸಂಸ್ಥೆ ಇದೆ. ಕುಂಬಾರರ ಆವಿಗೆಲಿ ಮೊದಲನೇ ಸುಡುವಿಕೆ ಆಗತ್ತೆ, ಆದ್ರೆ ಗ್ಲೇಜ್ ಹಾಕಿದ್ದನ್ನ ಅಲ್ಲಿ ಸುಡೋಕೆ ಆಗಲ್ಲ, ಬೂದಿ ಹಾರಿ ಅಂಟತ್ತೆ, ಶಾಖನೂ ಅಷ್ಟು ಸಮ ಇರಲ್ಲ.

ಮೊದಲ ಸಲ ಸುಡೋವಾಗ 100 ಡಿಗ್ರಿವರೆಗೆ ತುಂಬ ನಿಧಾನ, ಅದಕ್ಕಿಂತ ಸ್ವಲ್ಪ ಕೆಳಗೇ ಒಂದೆರಡು ಗಂಟೆ ನಿಲ್ಲಿಸಿ, ಮಳೆಗಾಲ ಆದ್ರೆ ಇನ್ನೂ ಹೆಚ್ಚು. ಒಳಗಿನ ನೀರು ಒಮ್ಮೆಲೇ ಹಬೆ ಆದ್ರೆ ತಟ್ಟೆ ಸಿಡಿಯತ್ತೆ. ಇನ್ನೊಂದು ಎಚ್ಚರದ ಜಾಗ 573 ಡಿಗ್ರಿ, ಅಲ್ಲಿ ಮಣ್ಣಲ್ಲಿರೋ ಕ್ವಾರ್ಟ್ಜ್ ಹರಳು ಒಮ್ಮೆಲೇ ಹಿಗ್ಗತ್ತೆ, ತಣಿಯೋವಾಗ ಅಲ್ಲೇ ಕುಗ್ಗತ್ತೆ, ತಟ್ಟೆ ಅಗಲ ಇರೋದ್ರಿಂದ ಒಂದು ಕಡೆ ಬಿಸಿ ಒಂದು ಕಡೆ ತಣ್ಣಗಾದ್ರೆ ಸೀಳತ್ತೆ. 1000 ಮುಟ್ಟಿಸಿ ನಿಲ್ಲಿಸಿ, ಕೈಗೆ ಸುಡದಷ್ಟು ತಣಿಯೋವರೆಗೂ ಭಟ್ಟಿ ಬಾಗಿಲು ತೆಗೀಬೇಡಿ.

ಗ್ಲೇಜ್ ಪಾರದರ್ಶಕ ಇರ್ಬೇಕು, ಸೀಸ ಇರಬಾರ್ದು, ಊಟದ ಸಾಮಾನಿಗೆ ಆಗತ್ತೆ ಅಂತ ಡಬ್ಬಿ ಮೇಲೆ ಬರೆದಿರ್ಬೇಕು, 1040ರಿಂದ 1060ರಲ್ಲಿ ಕರಗೋದು ನೋಡಿ ತಗೊಳ್ಳಿ. ತಟ್ಟೆನ ಎರಡು ಮೂರು ಸೆಕೆಂಡ್ ಅದ್ದಿ ತೆಗೆದ್ರೆ ಸಾಕು. ದಪ್ಪ ಆದ್ರೆ ಬಿಳಿ ಗೆರೆ ಹಾಲು ಹಾಲಾಗಿ ಮಸುಕಾಗತ್ತೆ. ತಳ ಒರೆಸಿ ತೆಗೀದೇ ಇದ್ರೆ ಭಟ್ಟಿ ಹಲಗೆಗೆ ಅಂಟತ್ತೆ. ಗ್ಲೇಜ್ ಕರಗೋ ಆ ಶಾಖಕ್ಕೆ ಎರಡನೇ ಸಲ ಸುಟ್ಟು, ತಟ್ಟೆ ಹೊರಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆ ಬಿರುಕು ಜಾಲದ ಥರ ಕಂಡ್ರೆ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದೆ ಅಂತ ಅರ್ಥ. ಕಮ್ಮಿ ಶಾಖದ ಮಣ್ಣು ಒಳಗೆ ನೀರು ಹೀರತ್ತೆ, ಆ ಬಿರುಕಲ್ಲಿ ಮೀನು ಸಾರು, ಅರಿಶಿನ ಇಳಿದು ಕಲೆ, ವಾಸನೆ ಎರಡೂ ಕೂರತ್ತೆ. ಅಂಥ ತಟ್ಟೆ ಗೋಡೆಗೆ ಹಾಕಿ, ಊಟಕ್ಕೆ ಬೇಡ.

ಹುಳಿ ಪರೀಕ್ಷೆ

ನಮ್ಮ ಅಡುಗೆ ಪೂರ್ತಿ ಹುಳಿ, ವಾಟೆಹುಳಿ, ಮುರುಗಲು, ಹುಣಸೆ, ಅಪ್ಪೆಮಿಡಿ, ಮಜ್ಜಿಗೆ. ಹುಳಿ ಗ್ಲೇಜಿಂದ ಲೋಹ ಎಳೀಬಹುದು. ಮನೆಲಿ ನಿಂಬೆ ಹೋಳು ತಟ್ಟೆ ಮೇಲೆ ರಾತ್ರಿಯಿಡೀ ಇಟ್ಟು ಬೆಳಗ್ಗೆ ನೋಡಿ, ಬಣ್ಣ ಅಥವಾ ಹೊಳಪು ಬದಲಾಗಿದ್ರೆ ಆ ಗ್ಲೇಜ್ ಊಟಕ್ಕೆ ಸಲ್ಲ. ಬದಲಾಗಿಲ್ಲ ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತ ಆಗಲ್ಲ, ಅದನ್ನ ಕಣ್ಣು ಹೇಳಲ್ಲ. ಮಾರೋ ಯೋಚನೆ ಇದ್ರೆ ಲ್ಯಾಬ್‌ಗೆ ಕಳ್ಸಿ, ಐಎಸ್ಒ 6486 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾಡಿ ಅಂತ ಕೇಳಿ, ಶೇಕಡಾ 4ರ ಅಸಿಟಿಕ್ ಆಮ್ಲ ತುಂಬಿ 22 ಡಿಗ್ರಿಲಿ 24 ಗಂಟೆ ಬಿಟ್ಟು, ಇಳಿದ ಸೀಸ, ಕ್ಯಾಡ್ಮಿಯಂ ಅಳೀತಾರೆ. ಮಕ್ಕಳು ಊಟ ಮಾಡೋ ತಟ್ಟೆ ಇದು, ಇಲ್ಲಿ ದುಡ್ಡು ಉಳಿಸೋದು ಬೇಡ.

ಸ್ಟೀಲ್ ತಟ್ಟೆಗೆ

ನಿಜ ಹೇಳ್ಬೇಕಂದ್ರೆ ನಮ್ಮ ಮನೆಗಳಲ್ಲಿ ದಿನಾ ಬಳಸೋದು ಸ್ಟೀಲೇ, ಅದಕ್ಕೇ ಈ ಭಾಗದ ಮೇಲೆ ನಂಗೆ ಆಸೆ ಜಾಸ್ತಿ. ಸ್ಟೀಲ್ ಬಣ್ಣ ಹಿಡಿಯಲ್ಲ, ಹಿಡಿಸಿದ್ರೂ ಬೂದಿ ಹಾಕಿ ಉಜ್ಜಿದ್ರೆ ಹೋಗತ್ತೆ. ಆದ್ರೆ ಪಾತ್ರೆ ಅಂಗಡಿಲಿ ಹೆಸರು ಹಾಕಿ ಕೊಡೋ ಮೆಷಿನ್ ಇದೆಯಲ್ಲ, ಅದು ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಗೆರೆ ಮಾಡತ್ತೆ. ಬಣ್ಣ ಇಲ್ಲ, ಹಾಗಾಗಿ ಇಳಿಯೋಕೂ ಏನಿಲ್ಲ. ಕೈಲಿ ಹಿಡಿಯೋ ಚಿಕ್ಕ ಮೆಷಿನ್, ಕಾರ್ಬೈಡ್ ಮೊನೆದು, ಆನ್‌ಲೈನಲ್ಲೂ ಸಿಗತ್ತೆ.

ತಟ್ಟೆ 304 ಗ್ರೇಡಿಂದು ತಗೊಳ್ಳಿ, ಅದ್ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರತ್ತೆ. ಅಯಸ್ಕಾಂತ ಅಂಟಲಿಲ್ಲ ಅಂದ್ರೆ ಒಳ್ಳೆ ಸ್ಟೀಲ್ ಅಂತ ಅಂಗಡಿಲಿ ಹೇಳ್ತಾರೆ, ಅದನ್ನ ನಂಬ್ಕೊಂಡು ಕೂರೋಕಾಗಲ್ಲ, ಅಗ್ಗದ 202 ಗ್ರೇಡ್‌ಗೂ ಅಯಸ್ಕಾಂತ ಅಂಟಲ್ಲ, 304 ತಟ್ಟೆದು ಒತ್ತಿ ಬಗ್ಗಿಸಿದ ಅಂಚಲ್ಲಿ ಸ್ವಲ್ಪ ಅಂಟಲೂಬಹುದು. ಗ್ರೇಡ್ ಒತ್ತಿರೋದು, ಬಿಲ್ಲಲ್ಲಿ ಬರೆದಿರೋದು ತಗೊಳ್ಳಿ. ತೆಳು ತಟ್ಟೆ ಬೇಡ, ಮೊನೆ ಕುಟ್ಟಿದ ಹಾಗೆ ಗಡಗಡ ನಡುಗತ್ತೆ, ಗೆರೆ ಹಲ್ಲು ಹಲ್ಲಾಗತ್ತೆ.

ಮರಳು ತುಂಬಿದ ಬಟ್ಟೆ ಚೀಲದ ಮೇಲೆ ತಟ್ಟೆ ಕೂರ್ಸಿ, ಮಾರ್ಕರಲ್ಲಿ ಗುರುತು ಹಾಕಿ, ಆಮೇಲೆ ಸ್ಯಾನಿಟೈಸರಲ್ಲಿ ಒರೆಸಿದ್ರೆ ಅದು ಹೋಗತ್ತೆ. ಕನ್ನಡಕ ಹಾಕ್ಕೊಳ್ಳಿ. ಮೆಷಿನ್ ಯಾವಾಗ್ಲೂ ನಿಮ್ಮ ಕಡೆಗೇ ಎಳೀರಿ, ತಳ್ಬೇಡಿ. ಇಲ್ಲಿ ನಾರಿನ ಕುಂಚದ ದಪ್ಪ ತೆಳು ಸಿಗಲ್ಲ, ಅದನ್ನ ನಕಲು ಮಾಡೋಕೆ ಹೋಗೋದು ನಂಗೆ ಸರಿ ಕಾಣಲ್ಲ. ಸ್ಟೀಲಿಗೆ ಸ್ಟೀಲಿಂದೇ ಭಾಷೆ, ಚುಕ್ಕಿ ಒತ್ತಾದ್ರೆ ಗೆರೆ ಹೊಳೆಯತ್ತೆ, ಬಿಡಿಬಿಡಿ ಆದ್ರೆ ಮಸುಕು. ಹಾಗಾಗಿ ದಪ್ಪ ಗೆರೆ ಜಾಗಕ್ಕೆ ಮೂರು ಒತ್ತು ಎಳೆ ಪಕ್ಕಪಕ್ಕ, ತೆಳು ಗೆರೆ ಜಾಗಕ್ಕೆ ಬಿಡಿ ಚುಕ್ಕಿದೊಂದು ಎಳೆ. ಎಳೆ ಎಣಿಸಿ ಕಟ್ಟೋ ಕ್ರಮ ಮಾತ್ರ ಗೋಡೆದೇ. ಬರೆಯೋ ಜಾಗ ಅಂಚಿನ ಹೊರಮೈ ಅಥವಾ ಮೇಲಂಚು, ಊಟ ಬೀಳೋ ತಳ ಬೇಡ, ಕುಳಿಲಿ ಜಿಡ್ಡು ಕೂರತ್ತೆ.

ಮೊನೆ ತಾಗಿದ ಕಡೆ ಸ್ಟೀಲಿನ ಕಾಪಾಡೋ ತೆಳು ಪದರ ಹರಿದಿರತ್ತೆ, ಗಾಳಿಗೆ ಅದು ತಾನೇ ಮತ್ತೆ ಕಟ್ಕೊಳ್ಳತ್ತೆ, ಆದ್ರೂ ಸೋಪಲ್ಲಿ ತೊಳೆದು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ಗಂಟೆ ಮುಳುಗಿಸಿಟ್ರೆ ಕಬ್ಬಿಣದ ಕಣ ಹೋಗಿ ಪದರ ಚೆನ್ನಾಗಿ ಕಟ್ಟತ್ತೆ. ಕಬ್ಬಿಣದ ನಾರಲ್ಲಿ ಉಜ್ಜಬೇಡಿ, ಅದ್ರ ಚೂರು ಕುಳಿಲಿ ಸಿಕ್ಕು ತುಕ್ಕಿನ ಚುಕ್ಕಿ ಬರತ್ತೆ. ಉಪ್ಪು ನೀರು, ಉಪ್ಪಿನಕಾಯಿ ರಾತ್ರಿಯಿಡೀ ಬಿಟ್ರೆ ಒಳ್ಳೆ ಸ್ಟೀಲಿಗೂ ಸಣ್ಣ ಸಣ್ಣ ಕುಳಿ ಬೀಳಬಹುದು.

ಭಟ್ಟಿ ಇಲ್ಲದೋರಿಗೆ

ಅಂಗಡಿಲಿ ಸಿಗೋ ಗ್ಲೇಜ್ ಆದ ಮಗ್ಗು, ಗಾಜಿನ ಲೋಟಕ್ಕೆ ಓವನಲ್ಲಿ ಕೂರೋ ಪೋರ್ಸಲೇನ್ ಬಣ್ಣ ಸಿಗತ್ತೆ. ಬರೆದು ಒಂದು ದಿನ ಒಣಗ್ಸಿ, ತಣ್ಣಗಿನ ಓಟಿಜಿಲಿ (ಮನೆಲಿ ಇಡೋ ಕರೆಂಟ್ ಓವನ್) ಇಟ್ಟು ಆಮೇಲೆ ಬಿಸಿ ಮಾಡಿ, ಬಾಟಲಿ ಮೇಲೆ ಬರೆದ ಹಾಗೆ, ಬಹಳಷ್ಟಕ್ಕೆ 150 ಡಿಗ್ರಿ ಮುಟ್ಟಿದ ಮೇಲೆ 35 ನಿಮಿಷ, ಒಳಗೇ ತಣಿಯೋಕೆ ಬಿಡಿ. ಹೊರಮೈಗೆ ಮಾತ್ರ, ತುಟಿ ತಾಗೋ ಅಂಚಿಂದ 2 ಸೆಂಟಿಮೀಟರ್ ಕೆಳಗೆ. ಸ್ಪಂಜಲ್ಲೇ ತೊಳೀಬೇಕು.

ಏನು ಬರೀಬೇಕು, ಯಾರ ಹೆಸರು ಹಾಕ್ಬೇಕು

ಹಸೆ ಅಂದ್ರೆ ಮದುಮಕ್ಕಳು ಕೂರೋ ಜಾಗ, ಪೂಜೆ ಆಗೋ ಜಾಗ. ಆ ಮದುಮಕ್ಕಳ ಜೋಡಿ ಗೊಂಬೆನ ತಟ್ಟೆ ನಡುವೆ ಬರೆದು ಅದ್ರ ಮೇಲೆ ಸಾರು ಸುರಿಯೋದು ನಂಗೆ ಒಪ್ಪಿಗೆ ಇಲ್ಲ. ಏಣಿ, ಕವಡೆ, ತೆನೆ, ಜೋಗಿ ಜಡೆ ಅಂಚಿಗೆ ಬೇಕಾದಷ್ಟಿದೆ. ಬರೆಯೋ ಕಲೆ ಯಾರಿಂದ ಕಲಿತ್ರಿ ಅನ್ನೋದನ್ನ, ಅವ್ರು ಒಪ್ಪಿದ್ರೆ, ಊರು ಹೆಸರು ಸಮೇತ ತಟ್ಟೆ ತಳದಲ್ಲಿ ಗ್ಲೇಜ್ ಇಲ್ಲದ ಜಾಗದಲ್ಲಿ ಕೊರೀರಿ, ಅದು ಅರೆ ಒಣಗಿದ ಹದದಲ್ಲೇ ಆಗ್ಬೇಕು. ಅವ್ರ ಕೈಲೇ ಬರೆಸೋದಾದ್ರೆ ತಟ್ಟೆ ಲೆಕ್ಕಕ್ಕಿಂತ ದಿನದ ಲೆಕ್ಕದಲ್ಲಿ ಕೂಲಿ ಮಾತಾಡಿ, ತಟ್ಟೆ ಲೆಕ್ಕ ಇಟ್ರೆ ಎಳೆ ಕಮ್ಮಿ ಮಾಡ್ಬೇಕಾಗಿ ಬರತ್ತೆ, ಮತ್ತೆ ಭಟ್ಟಿಲಿ ಒಡೆದು ಹೋದ ತಟ್ಟೆಗೂ ಅವ್ರು ಬರೆದಿರ್ತಾರೆ, ಅದ್ರ ದುಡ್ಡು ಹಿಡೀಬಾರ್ದು.